100 ಸಿಎಫ್‌ಎಂ ರೆಫ್ರಿಜರೇಟೆಡ್ ಏರ್ ಡ್ರೈಯರ್: ಪೌಡರ್ ಕೋಟಿಂಗ್ ಘಟಕದಲ್ಲಿ ಬಳಸಿದ ಮೇಲೆ

ಬೆಂಗಳೂರಿನ ಪೀಣ್ಯದಲ್ಲಿರುವ ಲೋಹದ ಶೀಟುಗಳಿಗೆ ಬಣ್ಣದ ಪುಡಿಯನ್ನು ಸಿಂಪಡಿಸಿ ಓವನ್ನಿನಲ್ಲಿ ಕಾಯಿಸುವ ನಮ್ಮ ಪೌಡರ್ ಕೋಟಿಂಗ್ ಘಟಕದ ಸ್ಕ್ರೂ ಕಂಪ್ರೆಸರಿಗೆ ಜೋಡಿಸಿರುವ ಈ ಡ್ರೈಯರ್ ಮಳೆಗಾಲ, ಬೇಸಿಗೆ ಎರಡನ್ನೂ ಕಂಡಿರುವುದರಿಂದ ಅದರ ಬಗ್ಗೆ ಈಗ ಖಚಿತವಾಗಿ ಬರೆಯಬಹುದು. ಒತ್ತಡದ ಗಾಳಿಯನ್ನು ಸುಮಾರು 3 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ, ಅದರಲ್ಲಿನ ಆವಿಯನ್ನು ನೀರಾಗಿಸಿ ಹೊರಹಾಕುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಆದರೆ ಒಳಬರುವ ಗಾಳಿಯ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಂಡವರಿಗೆ ಬೇಸಿಗೆಯಲ್ಲಿ ನಿರಾಸೆಯಾಗುತ್ತದೆ.

ಹೊರಗಿನ ಗಾಳಿ 25 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇ 70ರಷ್ಟಿದ್ದರೆ, 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ) ಕಂಪ್ರೆಸರ್ ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 22 ಲೀಟರ್ ನೀರನ್ನು ಆವಿಯ ರೂಪದಲ್ಲಿ ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯನ್ನು 7 ಬಾರ್‌ಗೆ ಒತ್ತಿ 40 ಡಿಗ್ರಿಗೆ ಇಳಿಸಿದಾಗ ಅರ್ಧಕ್ಕಿಂತ ಹೆಚ್ಚು ನೀರು ಆಫ್ಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಮತ್ತು ರಿಸೀವರ್ ಟ್ಯಾಂಕಿನಲ್ಲೇ ಬೇರ್ಪಡುತ್ತದೆ. ಉಳಿದ ಸುಮಾರು 9 ಲೀಟರ್ ನೀರೇ ಪೈಪುಗಳಲ್ಲಿ ತಣಿದು, ಹಾಪರಿನ ಪೌಡರನ್ನು ಗಂಟುಗಟ್ಟಿಸಿ, ಓವನ್ನಿನಿಂದ ಹೊರಬಂದ ಶೀಟಿನ ಮೇಲೆ ಸೂಜಿಮೊನೆಯಂಥ ತೂತುಗಳನ್ನು ಉಳಿಸುವುದು. ಡ್ರೈಯರ್ ದಾಟಿದ ಗಾಳಿಯಲ್ಲಿ ಉಳಿಯುವುದು ಒಂದು ಲೀಟರಿಗೂ ಕಡಿಮೆ, ಅದೂ ಆವಿಯಾಗಿಯೇ. ಮಳೆಗಾಲದಲ್ಲಿ ಹೆಚ್ಚುತ್ತಿದ್ದ ರಿಜೆಕ್ಷನ್ ಈಗ ಗಮನಕ್ಕೆ ಬರುವಷ್ಟು ಇಳಿದಿದೆ.

ಯಂತ್ರದ ಒಳಗಿನ ಏರ್-ಟು-ಏರ್ ಹೀಟ್ ಎಕ್ಸ್‌ಚೇಂಜರ್ ನನಗೆ ಬಹಳ ಮೆಚ್ಚುಗೆಯಾಯಿತು. ಹೊರಹೋಗುವ ತಣ್ಣನೆಯ ಗಾಳಿಯೇ ಒಳಬರುವ ಬಿಸಿ ಗಾಳಿಯನ್ನು ಮೊದಲ ಹಂತದಲ್ಲಿ ತಣಿಸುವುದರಿಂದ ರೆಫ್ರಿಜರೇಷನ್‌ನ ಹೊರೆ ತಗ್ಗುತ್ತದೆ. ತಾನು ಮತ್ತೆ ಬೆಚ್ಚಗಾಗಿ ಹೊರಡುವುದರಿಂದ ಪೈಪಿನ ಹೊರಮೈ ಬೆವರುವುದಿಲ್ಲ.

ತೊಂದರೆ ಬಂದದ್ದು ಏಪ್ರಿಲ್‌ನಲ್ಲಿ. ಕ್ಯಾಟಲಾಗಿನ 100 ಸಿಎಫ್‌ಎಂ ಎಂಬ ಸಾಮರ್ಥ್ಯವು 35 ಡಿಗ್ರಿಯ ಒಳಗಾಳಿಗೆ ಮತ್ತು 25 ಡಿಗ್ರಿಯ ಸುತ್ತಲಿನ ಗಾಳಿಗೆ ಮಾತ್ರ ಅನ್ವಯಿಸುವುದಾಗಿತ್ತು. ಮಾರಾಟಗಾರರ ಕೋಟೇಷನ್ನಿನಲ್ಲಿ ಈ ಷರತ್ತಿನ ಉಲ್ಲೇಖವೇ ಇರಲಿಲ್ಲ. ಒಂದು ಘನ ಮೀಟರ್ ಗಾಳಿ 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಂಡರೆ 45 ಡಿಗ್ರಿಯಲ್ಲಿ ಸುಮಾರು 65 ಗ್ರಾಂ ಹಿಡಿಯುತ್ತದೆ. ತಗಡಿನ ಮಾಡಿನ ಕಂಪ್ರೆಸರ್ ಕೋಣೆಯಲ್ಲಿ ಡ್ಯೂ ಪಾಯಿಂಟ್ (ಆವಿ ನೀರಾಗತೊಡಗುವ ಉಷ್ಣತೆ) ಸೂಚಕ ಹಸಿರು ಪಟ್ಟಿಯನ್ನು ದಾಟಿದ್ದು ಸಹಜವೇ. ಕಂಪ್ರೆಸರಿನ ಬಿಸಿಗಾಳಿಯನ್ನು ಡಕ್ಟ್ ಮೂಲಕ ಹೊರಗೆ ಬಿಟ್ಟು, ಕಂಡೆನ್ಸರಿನ ಫಿನ್ನುಗಳಲ್ಲಿ ಕುಳಿತಿದ್ದ ಪೌಡರ್ ಧೂಳನ್ನು ಊದಿ ತೆಗೆದ ಮೇಲೆ ಅದು ಹತೋಟಿಗೆ ಬಂತು. ನಮ್ಮಂಥ ಶೆಡ್ಡುಗಳಿಗೆ ಒಂದು ಅಳತೆ ದೊಡ್ಡದಾದ ಮಾದರಿಯೇ ಸರಿ.

ಜೊತೆಗೆ ಬಂದ ಟೈಮರ್ ಡ್ರೇನ್ ನನಗೆ ಹಿಡಿಸಲಿಲ್ಲ. ನೀರು ಇರಲಿ ಇಲ್ಲದಿರಲಿ ಅದು ನಿಗದಿತ ಹೊತ್ತಿಗೆ ತೆರೆದು, ಬೇಸಿಗೆಯ ಒಣ ದಿನಗಳಲ್ಲಿ ಗಾಳಿಯನ್ನು ವ್ಯರ್ಥವಾಗಿ ಚೆಲ್ಲುತ್ತದೆ, ಜುಲೈನಲ್ಲಿ ನೀರನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ನೀರಿನ ಮಟ್ಟವನ್ನು ನೋಡಿ ತೆರೆಯುವ ಝೀರೋ-ಲಾಸ್ ಡ್ರೇನ್‌ಗೆ ಹೆಚ್ಚಿನ ಹಣ ಕೊಡುವುದು ಖಂಡಿತ ಯೋಗ್ಯ.

ಪೌಡರ್ ಕೋಟಿಂಗ್, ನ್ಯೂಮ್ಯಾಟಿಕ್ ಸಿಲಿಂಡರುಗಳು ಮತ್ತು ಸಾಮಾನ್ಯ ಪ್ಯಾಕಿಂಗ್ ಯಂತ್ರಗಳಿಗೆ ಇಷ್ಟು ಒಣಗಿದ ಗಾಳಿ ಸಾಕು. ಒತ್ತಡದ ಗಾಳಿಯ ಶುದ್ಧತೆಯನ್ನು ದರ್ಜೆಗಳಾಗಿ ವಿಂಗಡಿಸುವ ಐಎಸ್‌ಒ 8573-1 ಮಾನದಂಡದ ಪ್ರಕಾರ ಇದು ನೀರಿನ ವಿಷಯದಲ್ಲಿ 4ನೇ ದರ್ಜೆ. ಮೈನಸ್ 40 ಡಿಗ್ರಿಯ ಡ್ಯೂ ಪಾಯಿಂಟ್ ಬೇಕಾದವರು ತೇವವನ್ನು ಹೀರುವ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಡೆಸಿಕಂಟ್ ಡ್ರೈಯರಿಗೇ ಹೋಗಬೇಕು. ಆದರೆ ಅದರ ಹೀಟ್‌ಲೆಸ್ (ಹೀಟರ್ ಇಲ್ಲದ) ಮಾದರಿಯು ತನ್ನನ್ನು ಒಣಗಿಸಿಕೊಳ್ಳಲು ಒಟ್ಟು ಗಾಳಿಯ ಶೇ 15ರಷ್ಟನ್ನು ಬಳಸಿಬಿಡುತ್ತದೆಂಬುದು ಗೊತ್ತಿರಲಿ. ಎರಡರಲ್ಲಿ ಯಾವುದನ್ನೇ ಕೊಂಡರೂ, ಕಂಪ್ರೆಸರ್ ಎಣ್ಣೆ ಹಾಕಿ ನಡೆಯುವುದಾದರೆ ಡ್ರೇನಿನಿಂದ ಬೀಳುವ ನೀರಿನಲ್ಲಿ ಎಣ್ಣೆಯ ಅಂಶವಿರುತ್ತದೆ. ಅದನ್ನು ನೇರವಾಗಿ ಚರಂಡಿಗೆ ಬಿಡದೆ ಆಯಿಲ್-ವಾಟರ್ ಸೆಪರೇಟರ್ ಮೂಲಕವೇ ಹಾಯಿಸಬೇಕು.