ಎಚ್‌ಪಿ ಲೇಸರ್‌ಜೆಟ್ 1020 ಪ್ಲಸ್: ಕನ್ನಡ ಟೈಪಿಂಗ್ ಅಂಗಡಿಯವಳ ಲೆಕ್ಕದಲ್ಲಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಪ್ರಶ್ನೆಪತ್ರಿಕೆ, ಸೊಸೈಟಿಯ ನೋಟಿಸು, ಇಂಥವೇ ಕೆಲಸ. ಹೆಚ್ಚಿನದೆಲ್ಲ ಕನ್ನಡ. ಹಾಗಾಗಿ ಫೋಟೊ ಹೇಗೆ ಬರುತ್ತದೆ, ಮೊಬೈಲಿನಿಂದ ಪ್ರಿಂಟ್ ಕೊಡಬಹುದಾ ಅಂತೆಲ್ಲ ನನ್ನನ್ನು ಕೇಳಬೇಡಿ. ಒತ್ತು, ದೀರ್ಘ, ಸೊನ್ನೆ ಎಲ್ಲ ಕಾಗದದ ಮೇಲೆ ನೆಟ್ಟಗೆ ಬೀಳುತ್ತವಾ ಅನ್ನುವುದಷ್ಟೇ ನಾನು ನೋಡುವುದು.

ನನ್ನ ಈ ಲೇಸರ್ ಪ್ರಿಂಟರ್ ಹಳೆಯ ಮಾಡೆಲ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದು. ಬರೀ ಕಪ್ಪು ಬಿಳುಪು. ವೈಫೈ ಇಲ್ಲ, ಸ್ಕ್ಯಾನರ್ ಇಲ್ಲ, ಎರಡೂ ಬದಿಗೆ ಹೊಡೆಯಬೇಕಾದರೆ ಹಾಳೆಯನ್ನು ನಾವೇ ತಿರುಗಿಸಿ ಇಡಬೇಕು. ಯುಎಸ್‌ಬಿ ಕೇಬಲ್ ಒಂದೇ ಗತಿ. ನಿಮಿಷಕ್ಕೆ 14 ಪುಟ, ಟ್ರೇಯಲ್ಲಿ 150 ಹಾಳೆ. ನಮ್ಮಂಥ ಅಂಗಡಿಗೆ ಸಾಕು.

ಇಷ್ಟು ಹಳೆಯದನ್ನು ಯಾಕೆ ಹೊಗಳುತ್ತಿದ್ದೇನೆ ಅಂದರೆ, ಇದು ಅಗ್ಗದ ಯಂತ್ರ ಆಗಿರುವುದೇ ಕನ್ನಡಕ್ಕೆ ಅನುಕೂಲ. ದೊಡ್ಡ ಆಫೀಸ್ ಪ್ರಿಂಟರುಗಳ ಒಳಗೆ ಒಂದಷ್ಟು ಫಾಂಟು ಮೊದಲೇ ಕೂತಿರುತ್ತವೆ. ಕಂಪ್ಯೂಟರು ಅಕ್ಷರದ ಹೆಸರು ಹೇಳುತ್ತದೆ, ಪ್ರಿಂಟರು ತನ್ನ ಹತ್ತಿರ ಇರುವುದನ್ನು ಹೊಡೆಯುತ್ತದೆ. ಇಂಗ್ಲಿಷಿಗೆ ಇದರಿಂದ ತೊಂದರೆ ಕಡಿಮೆ. ಕನ್ನಡಕ್ಕೆ ಬಂದಾಗ ಎಡವಟ್ಟು. ಮೊದಲು ನಾನು ಬಾಡಿಗೆಗೆ ತಂದಿದ್ದ ಒಂದು ದೊಡ್ಡ ಯಂತ್ರದಲ್ಲಿ ಪರದೆಯ ಮೇಲೆ ಎಲ್ಲ ಸರಿ ಕಾಣುತ್ತಿತ್ತು. ಕಾಗದದಲ್ಲಿ ಮಾತ್ರ ಒತ್ತಕ್ಷರ ಮಾಯ, ಕೆಲವು ಕಡೆ ಬರೀ ಖಾಲಿ ಜಾಗ. ಪ್ರಿಂಟರ್ ನಡೆಸಲು ಕಂಪ್ಯೂಟರಿನಲ್ಲಿ ಹಾಕುವ ಡ್ರೈವರಿನ ಅಡ್ವಾನ್ಸ್ಡ್ ಸೆಟ್ಟಿಂಗಿಗೆ ಹೋಗಿ, ಟ್ರೂಟೈಪ್ ಫಾಂಟನ್ನು ಬಿಟ್‌ಮ್ಯಾಪ್ (ಚುಕ್ಕೆಗಳ ಚಿತ್ರ) ಆಗಿ ಕಳಿಸು ಅಂತ ಬದಲಾಯಿಸಿದ ಮೇಲೆ ಸರಿಹೋಯಿತು. ಆ ಸೆಟ್ಟಿಂಗ್ ಎಲ್ಲಿದೆ ಅಂತ ಯಂತ್ರ ತಂದುಕೊಟ್ಟವರಿಗೇ ಗೊತ್ತಿರಲಿಲ್ಲ, ಅದು ಬೇರೆ ಮಾತು.

1020 ಪ್ಲಸ್‌ನಲ್ಲಿ ಈ ತಕರಾರೇ ಇಲ್ಲ. ಅದಕ್ಕೆ ಅಕ್ಷರ ಅಂದರೇನು ಅಂತಲೇ ಗೊತ್ತಿಲ್ಲ. ಇಡೀ ಪುಟವನ್ನು ಚಿತ್ರ ಮಾಡಿ ಕಂಪ್ಯೂಟರೇ ಕಳಿಸುತ್ತದೆ, ಇದು ಚುಕ್ಕೆ ಇಡುತ್ತದೆ. ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್ ಕೂಡ ಆನ್ ಮಾಡಿದಾಗಲೆಲ್ಲ ಕಂಪ್ಯೂಟರಿನಿಂದಲೇ ಬರಬೇಕು. ಲಿನಕ್ಸ್ ಬಳಸುವವರು ಅದಕ್ಕಾಗಿ ಎಚ್‌ಪಿಯ ಪ್ಲಗಿನ್ ಬೇರೆ ಹಾಕಿಕೊಳ್ಳಬೇಕು. ಈ ಪರಾವಲಂಬನೆ ಕೆಲವರಿಗೆ ಕಿರಿಕಿರಿ. ನನಗಂತೂ ಪರದೆಯಲ್ಲಿ ಕಂಡದ್ದೇ ಕಾಗದದಲ್ಲಿ ಬಂದರೆ ಅದೇ ದೊಡ್ಡದು.

ಆದರೆ ಪರದೆಯಲ್ಲೇ ತಪ್ಪಿದ್ದರೆ? ಗಿರಾಕಿಗಳ ಜತೆ ದಿನವೂ ಇದೇ ಗಲಾಟೆ. ಪೆನ್‌ಡ್ರೈವ್ ತರುತ್ತಾರೆ, ಫೈಲು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾಗಿರುತ್ತದೆ, ತೆರೆದರೆ ಗೆರೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು. ನಡುನಡುವೆ ಪೌಂಡ್ ಗುರುತು. "ಎಂತ ಅಕ್ಕಾ, ನಿಮ್ಮ ಪ್ರಿಂಟರ್ ಹಾಳಾಗಿದೆಯಾ?" ಅಂತ ಕೇಳುತ್ತಾರೆ. ಪ್ರಿಂಟರ್ ಎಂತ ಮಾಡುತ್ತದೆ ಮಾರಾಯ್ರೆ! ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕೂರಿಸಿದ್ದಾರೆ. ‘ನ’ ಇರುವುದು ಪೌಂಡ್ ಗುರುತಿನ ಜಾಗದಲ್ಲಿ. ಆ ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕೆಳಗಿನ ಪೌಂಡು ಹಾಗೇ ಎದ್ದು ಕಾಣುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ನುಡಿ 01 ಇ ಅನ್ನುವ ಆ ಫಾಂಟು ಹಾಕಿ, ವರ್ಡ್ ಮುಚ್ಚಿ ಮತ್ತೆ ತೆರೆದರೆ ಮುಗಿಯಿತು. ಅಕ್ಷರದ ಬದಲು ಖಾಲಿ ಡಬ್ಬಿ ಕಂಡರೆ ಅದು ಬೇರೆ ಕಾಯಿಲೆ. ಅಲ್ಲಿ ಫೈಲು ಯೂನಿಕೋಡಿನಲ್ಲಿದೆ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಪದ್ಧತಿ), ತೋರಿಸಲು ಕನ್ನಡ ಫಾಂಟ್ ಸಿಗುತ್ತಿಲ್ಲ ಅಂತ ಅರ್ಥ. ವಿಂಡೋಸ್‌ನಲ್ಲಿ ಇದು ಈಗ ಅಪರೂಪ.

ತುಂಗಾದ್ದು ಇನ್ನೊಂದು ಕಥೆ. ಎಕ್ಸ್‌ಪಿ ಕಾಲದಿಂದ ವಿಂಡೋಸಿನ ಜತೆಗೇ ಬರುತ್ತಿದ್ದ ಕನ್ನಡ ಫಾಂಟ್ ಅದು. ವಿಂಡೋಸ್ 10ರಲ್ಲಿ ಅದನ್ನು ಐಚ್ಛಿಕ ಪಟ್ಟಿಗೆ ತಳ್ಳಿದರು. ಹಳೆಯ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅದರ ಬದಲು ನಿರ್ಮಲಾ ಯುಐ ಅನ್ನುವ ಫಾಂಟು ಬಂದು ಕೂರುತ್ತದೆ. ಓದಲು ತೊಂದರೆಯಿಲ್ಲ, ಆದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಎರಡು ಪುಟದ ಕರಾರು ಮೂರನೇ ಪುಟಕ್ಕೆ ಹೋಗಿ ಅಲ್ಲಿ ಸಹಿ ಮಾತ್ರ ಉಳಿಯುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ, ತುಂಗಾ ವಾಪಸ್ ಬರುತ್ತದೆ.

ಪಿಡಿಎಫ್ ತಂದವರ ಹತ್ತಿರ ನನ್ನ ಜಗಳ ಕಡಿಮೆ. ಅಡೋಬಿ ರೀಡರಿನಲ್ಲಿ ಕಂಟ್ರೋಲ್ ಡಿ ಒತ್ತಿದರೆ ಫಾಂಟ್ಸ್ ಪಟ್ಟಿ ಸಿಗುತ್ತದೆ. ಹೆಸರಿನ ಮುಂದೆ ಎಂಬೆಡೆಡ್ ಅಂತ ಇದ್ದರೆ ಫಾಂಟು ಫೈಲಿನೊಳಗೇ ಇದೆ, ಧೈರ್ಯವಾಗಿ ಹೊಡೆಯಬಹುದು. ಪರದೆಯಲ್ಲಿ ಸರಿ ಇದ್ದು ಕಾಗದದಲ್ಲಿ ಕೆಟ್ಟರೆ ಪ್ರಿಂಟ್ ಕಿಟಕಿಯ ಅಡ್ವಾನ್ಸ್ಡ್‌ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಟಿಕ್ ಮಾಡಿ. ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. 1020ರಲ್ಲಿ ಅದರ ಅಗತ್ಯ ಬೀಳುವುದು ಕಡಿಮೆ.

ಇನ್ನು ಅಕ್ಷರದ ಗುಣಮಟ್ಟ. ಈ ಯಂತ್ರದ್ದು 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. 10 ಪಾಯಿಂಟಿನ ಸಾಲಿಗೆ ಎತ್ತರದಲ್ಲಿ ಸುಮಾರು 83 ಚುಕ್ಕೆ ಸಿಗುತ್ತದೆ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದಲ್ಲಿ ಅಷ್ಟರೊಳಗೇ ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು, ಕೆಲವೊಮ್ಮೆ ಎರಡೆರಡು ಒತ್ತು ಹಿಡಿಸಬೇಕು. ನಾನು ಪರೀಕ್ಷೆಗೆ ಇಟ್ಟುಕೊಂಡ ಸಾಲಿನಲ್ಲಿ ರಾಷ್ಟ್ರೀಯ, ಸ್ವಾತಂತ್ರ್ಯ, ವೈಶಿಷ್ಟ್ಯ ಇವೆ. 10ರಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಓದಬಹುದು. 8ಕ್ಕೆ ಇಳಿಸಿದರೆ ‘ಷ್ಟ್ರೀ’ ಕಪ್ಪು ಗಂಟಾಗುತ್ತದೆ. ಪ್ರಶ್ನೆಪತ್ರಿಕೆಯನ್ನು ಒಂದೇ ಹಾಳೆಗೆ ತುರುಕಿ ಅನ್ನುವ ಮೇಷ್ಟ್ರುಗಳಿಗೆ ಇದನ್ನೇ ತೋರಿಸುತ್ತೇನೆ.

ಎಕಾನೊಮೋಡ್ ಮಾತ್ರ ಮುಟ್ಟಬೇಡಿ. ಟೋನರ್, ಅಂದರೆ ಮಸಿ ಪುಡಿ, ಉಳಿಸುವ ಸೆಟ್ಟಿಂಗ್ ಅದು. ಅಕ್ಷರ ತೆಳುವಾದಾಗ ಮೊದಲು ಹೋಗುವುದು ಮಹಾಪ್ರಾಣದ ಸಣ್ಣ ಸೀಳು. ಧನಸಹಾಯದ ಅರ್ಜಿ ದನಸಹಾಯ ಆಗುತ್ತದೆ. ನಮ್ಮೂರಿನಲ್ಲಿ ಎರಡಕ್ಕೂ ಅರ್ಜಿ ಹಾಕುವವರಿದ್ದಾರೆ, ಗುಮಾಸ್ತರಿಗೆ ಗೊಂದಲ ಬೇಡ ಅಲ್ವಾ?

ಕಾರ್ಟ್ರಿಜ್ 12ಎ. ಹೊಸದಕ್ಕೆ 2000 ಪುಟ ಅಂತ ಹೇಳುತ್ತಾರೆ, ಆದರೆ ಅದು ಪುಟದ ಶೇ. 5ರಷ್ಟು ಜಾಗಕ್ಕೆ ಮಾತ್ರ ಮಸಿ ಬೀಳುವ ಲೆಕ್ಕ. ಸಾಲು ಒತ್ತಾಗಿರುವ ಕರಾರುಪತ್ರಕ್ಕೆ ಅಷ್ಟು ಬರುವುದಿಲ್ಲ. ನಾವೆಲ್ಲ ರೀಫಿಲ್ ಮಾಡಿಸುವವರೇ. ರೀಫಿಲ್ ಪುಡಿ ಕಳಪೆಯಾದರೆ ಬೈಸಿಕೊಳ್ಳುವುದು ಪಾಪ ಪ್ರಿಂಟರು. ನನಗೆ ಒಬ್ಬರು ಹಾಕಿಕೊಟ್ಟ ಪುಡಿಯಲ್ಲಿ ಪುಟದ ಎಡಭಾಗ ಇಡೀ ಮಸುಕು. ಕಾರ್ಟ್ರಿಜ್ ತೆಗೆದು ಅಡ್ಡಡ್ಡ ಮೆಲ್ಲಗೆ ಅಲ್ಲಾಡಿಸಿ ಹಾಕಿದರೆ ಒಂದಷ್ಟು ಪುಟ ದಾಟುತ್ತದೆ, ಆಮೇಲೆ ಮತ್ತೆ ಅದೇ. ಸುಮಾರು 7.5 ಸೆಂಟಿಮೀಟರಿಗೊಮ್ಮೆ ಒಂದೇ ಕಲೆ ಮರಳಿ ಬರುತ್ತಿದ್ದರೆ ಪುಡಿಯನ್ನು ಕಾಗದಕ್ಕೆ ದಾಟಿಸುವ ಡ್ರಮ್ಮಿಗೆ ಗೀರು ಬಿದ್ದಿದೆ. ಡ್ರಮ್ ಈ ಕಾರ್ಟ್ರಿಜ್ಜಿನ ಒಳಗೇ ಇರುವುದರಿಂದ ಹೊಸ 12ಎ ಹಾಕಿದರೆ ಅದೂ ಸರಿಹೋಗುತ್ತದೆ. ಯಂತ್ರ ಬಿಚ್ಚಿಸುವ ಖರ್ಚಿಲ್ಲ.

ಮಲೆನಾಡಿನವರಿಗೆ ಒಂದು ಮಾತು ಜಾಸ್ತಿ. ಜುಲೈನಲ್ಲಿ ಅಕ್ಷರ ಮಾಸಲಾಯಿತು, ಹಾಳೆ ಸುರುಳಿ ಸುತ್ತಿತು ಅಂದರೆ ಮೊದಲು ಕಾಗದ ಮುಟ್ಟಿ ನೋಡಿ. ತೇವ ಹಿಡಿದ ಹಾಳೆಗೆ ಟೋನರ್ ಸರಿಯಾಗಿ ಕೂರುವುದಿಲ್ಲ. ಮಳೆಗಾಲದಲ್ಲಿ ನಾನು ಟ್ರೇಗೆ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ, ಉಳಿದ ಕಟ್ಟು ಮುಚ್ಚಳ ಬಿಗಿಯಾದ ಡಬ್ಬದಲ್ಲಿ. ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟವರ ಕಷ್ಟ ಬೇರೆ. ನಾಲ್ಕು ದಿನ ಬಳಸದಿದ್ದರೆ ಇಂಕು ಚಿಮ್ಮುವ ನಾಝಲ್ ಒಣಗಿ ಅಕ್ಷರದ ನಡುವೆ ಬಿಳಿ ಗೆರೆ, ಹೆಡ್ ಕ್ಲೀನಿಂಗ್ ಕೊಟ್ಟರೆ ಇಂಕು ಖಾಲಿ. ಕರೆಂಟ್ ಹೋಗಿ ಹೋಗಿ ಬರುವ ನಮ್ಮ ಕಡೆಗೆ ಒಣ ಪುಡಿಯೇ ವಾಸಿ.

ನನಗೆ ತುಂಬ ಇಷ್ಟವಾದದ್ದು ಟ್ರೇಯ ಮೇಲಿರುವ ಒಂಟಿ ಹಾಳೆಯ ಸಂದಿ. ಬಾಂಡ್ ಪೇಪರನ್ನು ಅಲ್ಲಿ ಒಂದೊಂದೇ ಕೊಡಬಹುದು. ದುಡ್ಡು ಕೊಟ್ಟು ತಂದ ಛಾಪಾ ಕಾಗದದ ಮೇಲೆ ನೇರ ಹೊಡೆಯಲು ಎದೆ ಡವಡವ ಅನ್ನುತ್ತದೆ. ಅದಕ್ಕೇ ಮೊದಲು ಅದೇ ಅಳತೆಯ ಖಾಲಿ ಹಾಳೆಗೆ ಹೊಡೆದು, ಬೆಳಕಿಗೆ ಹಿಡಿದು, ಮೇಲಿನ ಮುದ್ರೆಗೆ ಸಾಲು ತಾಗುವುದಿಲ್ಲ ಅಂತ ನೋಡಿಕೊಂಡು ಆಮೇಲೆ ಕೊಡುತ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ನಿಂತು ಒಂದು ಕನ್ನಡ ಪುಟ ಹೊಡೆಸಿ. ವಿಂಡೋಸಿನ ಟೆಸ್ಟ್ ಪೇಜಿನಲ್ಲಿ ಬರೀ ಇಂಗ್ಲಿಷ್ ಇರುತ್ತದೆ. ನಿಮ್ಮದೇ ಪಿಡಿಎಫ್ ಒಂದನ್ನು ಫಾಂಟ್ ಎಂಬೆಡ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹೊಡೆದ ಹಾಳೆಯ ಮೇಲೆ ಬೆರಳು ಉಜ್ಜಿ. ಕಪ್ಪು ಬೆರಳಿಗೆ ಅಂಟಿದರೆ ಬಿಸಿ ಮಾಡುವ ಫ್ಯೂಸರ್ ಹೋಗಿದೆ, ಬೇರೆ ಯಂತ್ರ ತೋರಿಸಿ ಅನ್ನಿ.