ಜೇಬಿನ ಪಿಸ್ತೂಲು: .22, .32, .380ರಲ್ಲಿ ಯಾರಿಗೆ ಯಾವುದು?

ಸಣ್ಣ ಕ್ಯಾಲಿಬರ್ (ಗುಂಡಿನ ದಪ್ಪದ ಅಳತೆ) ಆತ್ಮರಕ್ಷಣೆಗೆ ಸಾಕೇ ಎಂಬುದಕ್ಕೆ ಉತ್ತರ ಮೊದಲು ಗುಂಡು ಇಳಿಯುವ ಆಳದಲ್ಲಿದೆ. ಅಮೆರಿಕದ ಎಫ್‌ಬಿಐ, ಮಾಂಸಖಂಡದ ಬದಲಿಗೆ ಬಳಸುವ ಜೆಲಟಿನ್ ಗಟ್ಟಿಗೆ ಗುಂಡು ಹಾರಿಸುವ ಪರೀಕ್ಷೆಯಲ್ಲಿ 12ರಿಂದ 18 ಇಂಚು ಬಯಸುತ್ತದೆ. .380ರ ಹಾಲೋ ಪಾಯಿಂಟ್ (ತುದಿ ಟೊಳ್ಳಾಗಿದ್ದು ಒಳಹೊಕ್ಕಾಗ ಅರಳುವ) ಗುಂಡು ಚೆನ್ನಾಗಿ ಅರಳಿದರೆ ಎಷ್ಟೋ ಸಲ ಅಷ್ಟು ಆಳ ಮುಟ್ಟುವುದಿಲ್ಲ. .22 ಮತ್ತು .32ರಲ್ಲಂತೂ ಅರಳುವ ಗುಂಡಿನ ಆಸೆ ಬಿಟ್ಟು ಗಟ್ಟಿ ಮೂತಿಯದನ್ನೇ ಆರಿಸುವುದು ಲೇಸು.

ನಂಬಿಕೆಯ ವಿಷಯದಲ್ಲಿ .22 ಹಿಂದೆ. ಅದರ ಸಿಡಿಮದ್ದು ಕೇಸಿನ (ಮದ್ದು ತುಂಬಿದ ಲೋಹದ ಕೊಳವೆಯ) ತಳದ ಅಂಚಿನೊಳಗೆ ಇರುತ್ತದೆ. ಪಿನ್ ಬಡಿದ ಜಾಗದಲ್ಲಿ ಮದ್ದು ಸರಿಯಾಗಿ ಹರಡಿರದಿದ್ದರೆ ಗುಂಡು ಹಾರುವುದಿಲ್ಲ. .32 ಸೆಂಟರ್‌ಫೈರ್, ಅಂದರೆ ಸಿಡಿಮದ್ದು ಕೇಸಿನ ತಳದ ನಡುವೆ ಇರುತ್ತದೆ, ಆದ್ದರಿಂದ ಈ ತೊಂದರೆ ಕಡಿಮೆ. ಆದರೆ ಅದರ ಕೇಸಿಗೆ ಚಿಕ್ಕ ಅಂಚಿದೆ: ಮ್ಯಾಗಜಿನ್‌ನಲ್ಲಿ (ಕಾರ್ಟ್ರಿಡ್ಜ್ ತುಂಬುವ ಪೆಟ್ಟಿಗೆಯಲ್ಲಿ) ಮೇಲಿನ ಕಾರ್ಟ್ರಿಡ್ಜ್‌ನ ಅಂಚು ಕೆಳಗಿನದರ ಹಿಂದಕ್ಕೆ ಜಾರಿದರೆ ಸಿಕ್ಕಿಕೊಳ್ಳುತ್ತದೆ. ಉದ್ದ ಕಡಿಮೆಯಿರುವ ಹಾಲೋ ಪಾಯಿಂಟ್ ತುಂಬಿದಾಗ ಇದು ಹೆಚ್ಚು. ಒಮ್ಮೆ ಹಾಗಾದರೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದಷ್ಟಕ್ಕೆ ಬಿಡುವುದಿಲ್ಲ, ಮ್ಯಾಗಜಿನ್ ತೆಗೆಯಲೇಬೇಕು. .380ಕ್ಕೆ ಈ ಕಾಟವಿಲ್ಲ.

ಒದೆತದಲ್ಲಿ ಲೆಕ್ಕ ತಿರುಗುತ್ತದೆ. ಹಗುರ ಪಿಸ್ತೂಲಿನಲ್ಲಿ .380 ಕೈಗೆ ಚುರುಕಾಗಿ ಹೊಡೆಯುತ್ತದೆ, ಎರಡನೇ ಗುರಿ ತಡವಾಗುತ್ತದೆ. ಬ್ಲೋಬ್ಯಾಕ್ ಮಾದರಿಯಾದರೆ (ಸ್ಲೈಡಿನ ಭಾರ ಮತ್ತು ಸ್ಪ್ರಿಂಗೇ ಒತ್ತಡ ತಡೆಯುವುದು) ಸ್ಪ್ರಿಂಗ್ ಕೂಡ ಬಿಗಿ, ಸ್ಲೈಡ್ ಎಳೆಯುವುದು ಕಷ್ಟ.

ಕೈಯಲ್ಲಿ ಬಲವಿದ್ದು ಅಭ್ಯಾಸ ಬಿಡದವರಿಗೆ .380. ಒದೆತ ತಾಳದವರಿಗೆ, ಬೇಗ ಬೇಗ ಗುರಿಯಿಡಬೇಕೆನ್ನುವವರಿಗೆ .32. ಸಂಧಿವಾತದಿಂದ ಸ್ಲೈಡ್ ಎಳೆಯಲಾಗದವರಿಗೆ ನಳಿಗೆ ಮೇಲಕ್ಕೆ ತೆರೆಯುವ .22. ಯಾವುದಾದರೂ ಸರಿ, ಟ್ರಿಗರ್ ಮುಚ್ಚುವ ಹೋಲ್‌ಸ್ಟರ್ ಇಲ್ಲದೆ ಜೇಬಿಗೆ ಹಾಕಬಾರದು. ಅದೇ ಜೇಬಿನಲ್ಲಿ ಬೀಗದ ಕೈ, ನಾಣ್ಯ ಇಡಬಾರದು.