13 ಎಚ್‌ಪಿ ಪವರ್ ಟಿಲ್ಲರ್: ಹಲವು ಮಳೆಗಾಲ ಕಂಡ ಮೇಲೆ

ಟಿಲ್ಲರ್, ಅಂದರೆ ಹಿಂದೆ ನಡೆಯುತ್ತಾ ಉಳುವ ಎರಡು ಚಕ್ರದ ಯಂತ್ರ, ತಗೊಳ್ಳೋಕೆ ಹೊರಟವರೆಲ್ಲ ಮೊದಲು ವಿಚಾರಿಸುವುದು ಎಷ್ಟು ಎಚ್‌ಪಿ ಅಂತ. ಗೇರ್‌ಬಾಕ್ಸ್ ಹೇಗಿದೆ ಅಂತ ಮೊದಲು ವಿಚಾರಿಸಿ ಅನ್ನುವುದು ನನ್ನ ಮಾತು. ನಮ್ಮದು ತೀರ್ಥಹಳ್ಳಿ ಕಡೆ. ಒಂದಿಷ್ಟು ಗದ್ದೆ, ಒಂದಿಷ್ಟು ಅಡಿಕೆ ತೋಟ. 13 ಎಚ್‌ಪಿ ಡೀಸೆಲ್ ಟಿಲ್ಲರ್, ಮುಂದಕ್ಕೆ ಆರು ಗೇರ್, ಹಿಂದಕ್ಕೆ ಎರಡು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ದರ್ಜೆಯ ಟಿಲ್ಲರ್‌ಗಳ ಹೊಟ್ಟೆಯೊಳಗಿನ ಕಥೆ ಹೆಚ್ಚುಕಡಿಮೆ ಒಂದೇ.

13 ಎಚ್‌ಪಿ ಅಂದರೆ ಸುಮಾರು 9.7 ಕಿಲೋವ್ಯಾಟ್. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಬರೀ 39 ನ್ಯೂಟನ್ ಮೀಟರ್ ಆಸುಪಾಸು. ಇದನ್ನು ನೇರವಾಗಿ ಚಕ್ರಕ್ಕೆ ಕೊಟ್ಟರೆ ಕೆಸರು ಗದ್ದೆಯಲ್ಲಿ ಗಾಡಿ ಮಿಸುಕುವುದಿಲ್ಲ. ಫಸ್ಟ್ ಗೇರಿನಲ್ಲಿ ನಮ್ಮ ಟಿಲ್ಲರ್ ಗಂಟೆಗೆ ಒಂದೂವರೆ ಕಿಲೋಮೀಟರ್ ಹೋಗುತ್ತದೆ, ಅಂದರೆ ಚಕ್ರ ನಿಮಿಷಕ್ಕೆ ಸುಮಾರು 14 ಸುತ್ತು. ವೇಗ 170 ಪಟ್ಟು ಇಳಿಯಿತು. ಬೆಲ್ಟು, ಬೇರಿಂಗು, ಆಯಿಲ್ ತಮ್ಮ ಪಾಲು ತಿಂದರೂ ಟಾರ್ಕ್ ನೂರು ಪಟ್ಟು ದಾಟಿ ಏರುತ್ತದೆ. ಎಂಜಿನ್ ಕೊಟ್ಟ ಶಕ್ತಿಯನ್ನು ಗೇರು ಒಂದಿಷ್ಟೂ ಹೆಚ್ಚಿಸುವುದಿಲ್ಲ. ವೇಗ ಬಿಟ್ಟುಕೊಟ್ಟು ಬಲ ತೆಗೆದುಕೊಳ್ಳುತ್ತದೆ, ಅಷ್ಟೇ.

ಈ 170 ಪಟ್ಟನ್ನು ಒಂದೇ ಜೋಡಿ ಗೇರಿನಲ್ಲಿ ಮಾಡಹೊರಟರೆ ಚಿಕ್ಕದಕ್ಕೆ 15 ಹಲ್ಲು, ದೊಡ್ಡದಕ್ಕೆ 2550 ಹಲ್ಲು ಬೇಕಾಗುತ್ತದೆ. 3 ಮಾಡ್ಯೂಲಿನ ಹಲ್ಲಾದರೆ (ಅಂದರೆ ಒಂದೊಂದು ಹಲ್ಲಿಗೆ 3 ಮಿಲಿಮೀಟರ್ ಅಡ್ಡಗಲದ ಲೆಕ್ಕ) ಆ ಗೇರಿನ ಅಡ್ಡಗಲ ಏಳೂವರೆ ಮೀಟರ್! ಅದಕ್ಕೇ ಬೆಲ್ಟ್ ಪುಲ್ಲಿಯಲ್ಲಿ ಒಂದಿಷ್ಟು ಇಳಿಸಿ, ಆಮೇಲೆ ಶಾಫ್ಟಿನಿಂದ ಶಾಫ್ಟಿಗೆ ಮೂರು ಪಟ್ಟು, ನಾಲ್ಕು ಪಟ್ಟು ಅಂತ ಇಳಿಸುತ್ತಾ ಹೋಗುತ್ತಾರೆ. ಆ ಪಟ್ಟುಗಳೆಲ್ಲ ಒಂದಕ್ಕೊಂದು ಗುಣಾಕಾರವಾಗುತ್ತವೆ. ಆರು ಗೇರು ಅನ್ನುವುದೂ ಹೀಗೇ: ಮೂರು ಗೇರು, ಪ್ರತಿಯೊಂದನ್ನೂ ವೇಗ-ನಿಧಾನ ಅಂತ ಎರಡಾಗಿಸುವ ಒಂದು ಹೈ-ಲೋ ಲಿವರ್. ರಿವರ್ಸಿಗೆ ಮಧ್ಯೆ ಒಂದು ಐಡ್ಲರ್ ಗೇರ್ ಬರುತ್ತದೆ. ಅದು ಬಲ ಹೆಚ್ಚಿಸದು, ತಿರುಗುವ ದಿಕ್ಕು ಬದಲಿಸುತ್ತದೆ. ನಮ್ಮದರಲ್ಲಿ ರಿವರ್ಸ್ ಹಾಕಿದರೆ ರೋಟರಿ (ಮಣ್ಣು ಅಗೆಯುವ, ತಿರುಗುವ ಬ್ಲೇಡುಗಳು) ಎಂಗೇಜ್ ಆಗದ ಹಾಗೆ ಲಾಕ್ ಇದೆ. ಹಿಂದೆ ನಡೆಯುವವನ ಕಾಲು ರೋಟರಿ ಬ್ಲೇಡಿಗೆ ಎಷ್ಟು ಹತ್ತಿರ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಈ ಲಾಕ್ ಇಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಬೇಡ.

ಹೊಸಬರು ಎಡವುವುದು ಸ್ಟೀರಿಂಗ್ ಕ್ಲಚ್ ವಿಷಯದಲ್ಲಿ. ಟಿಲ್ಲರಿಗೆ ಕಾರಿನ ಹಾಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಗೇರು) ಇಲ್ಲ. ಎಡ ಹ್ಯಾಂಡಲಿನ ಲಿವರ್ ಹಿಡಿದರೆ ಎಡ ಚಕ್ರಕ್ಕೆ ಹೋಗುವ ಶಕ್ತಿ ಕಡಿದುಹೋಗುತ್ತದೆ, ಬಲಗಡೆ ಚಕ್ರ ತಳ್ಳುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಸಮತಟ್ಟು ಗದ್ದೆಯಲ್ಲಿ ಇದು ಸರಿ. ಆದರೆ ಟ್ರೇಲರಿಗೆ ಗೊಬ್ಬರ ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಲೆಕ್ಕ ಉಲ್ಟಾ. ಆಗ ಎಂಜಿನ್ ಚಕ್ರವನ್ನು ತಳ್ಳುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಎಡ ಲಿವರ್ ಹಿಡಿದರೆ ಎಡ ಚಕ್ರದ ತಡೆ ತಪ್ಪಿ ಅದೇ ಮುಂದೆ ಓಡುತ್ತದೆ, ಗಾಡಿ ಬಲಕ್ಕೆ ನುಗ್ಗುತ್ತದೆ. ನಮ್ಮ ಕಡೆ ರಸ್ತೆಯ ಒಂದು ಪಕ್ಕ ಧರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಪಕ್ಕ ಕಣಿವೆ. ಇಳಿಜಾರಿನಲ್ಲಿ ಆ ಲಿವರ್ ಮುಟ್ಟಲೇಬೇಡಿ, ಹ್ಯಾಂಡಲಿನಲ್ಲೇ ತಿರುಗಿಸಿ. ಗೇರು ಬದಲಿಸುವುದೂ ಇಳಿಯುವ ಮೊದಲೇ ಆಗಬೇಕು. ನಡುವೆ ನ್ಯೂಟ್ರಲ್‌ಗೆ ಬಂದರೆ ಎಂಜಿನ್ನಿನ ಹಿಡಿತವೇ ಇಲ್ಲ.

ಇನ್ನು ದೂರುಗಳು. ಓಡುತ್ತಿರುವಾಗಲೇ ಗೇರುಗಳ ವೇಗ ಹೊಂದಿಸಿಕೊಡುವ ಸಿಂಕ್ರೋಮೆಶ್ ಇಲ್ಲದ್ದರಿಂದ ಪ್ರತಿ ಸಲ ನಿಲ್ಲಿಸಿಯೇ ಗೇರು ಬದಲಿಸಬೇಕು; ಅವಸರ ಮಾಡಿದರೆ ಕರಕರ ಸದ್ದು. ಸದ್ದಿಗೆ ನೇರ ಹಲ್ಲೂ ಕಾರಣ. ಓರೆ ಹಲ್ಲಿನ ಗೇರು ಮೆತ್ತಗೆ ಓಡುತ್ತದೆ, ಆದರೆ ಶಾಫ್ಟನ್ನು ಪಕ್ಕಕ್ಕೆ ಒತ್ತುತ್ತದೆ, ಬೇರಿಂಗ್ ಖರ್ಚು ಜಾಸ್ತಿ. ಹೊಲದ ಗಾಡಿಗೆ ನೇರ ಹಲ್ಲೇ ಸಾಕು ಅಂತ ನನಗೆ ಅನ್ನಿಸಿದೆ. ಹ್ಯಾಂಡಲಿನ ನಡುಕಕ್ಕೆ ಮಾತ್ರ ಕ್ಷಮೆ ಇಲ್ಲ, ಸಂಜೆ ಹೊತ್ತಿಗೆ ಅಂಗೈ ಜೋಮು ಹಿಡಿಯುತ್ತದೆ.

ಆಯಿಲ್ ಸೋರದಂತೆ, ನೀರು ನುಗ್ಗದಂತೆ ಶಾಫ್ಟಿನ ಸುತ್ತ ತಡೆಯುವ ಆಯಿಲ್ ಸೀಲ್ ಇದರ ದುರ್ಬಲ ಜಾಗ. ನಾಟಿ ಕಾಲದಲ್ಲಿ ಆಕ್ಸಲ್ ಕೆಸರಲ್ಲೇ ಮುಳುಗಿರುತ್ತದೆ, ಸೀಲ್ ಸವೆದರೆ ನೀರು ಒಳಗೆ. ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಿಸಿ. ಹಲ್ಲಿನ ಮೇಲ್ಪದರ ಮಾತ್ರ ಗಡಸು, ಒಳಗೆ ಮೆದು. ಮೇಲ್ಪದರ ಒಮ್ಮೆ ಚಕ್ಕೆ ಎದ್ದರೆ ಆಮೇಲೆ ಹಲ್ಲು ಬೇಗ ಹೋಗುತ್ತದೆ. ಬೆಲ್ಟನ್ನು ವಿಪರೀತ ಬಿಗಿ ಮಾಡುವವರಿಗೂ ಒಂದು ಮಾತು: ರೋಟರಿಗೆ ಬೇರೋ ಕಲ್ಲೋ ಸಿಕ್ಕಾಗ ಬೆಲ್ಟ್ ಜಾರುವುದರಿಂದಲೇ ಗೇರಿನ ಹಲ್ಲು ಉಳಿಯುವುದು. ಬೆಲ್ಟ್ ಸಂತೆಪೇಟೆಯಲ್ಲೂ ಸಿಗುತ್ತದೆ, ಗೇರಿಗೆ ಶಿವಮೊಗ್ಗಕ್ಕೇ ಹೋಗಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸೆಕೆಂಡ್ ಹ್ಯಾಂಡ್ ನೋಡುವವರು ಎಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು, ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲುಗಿಸಿ. ಹಲ್ಲುಗಳ ನಡುವೆ ಒಂದಿಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಬಿಗಿಯುತ್ತವೆ. ತೀರಾ ಲಟಪಟ ಅಂದರೆ ಸವೆದಿದೆ ಅಂತ. ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿಸಿ. ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ರೇಟು ಕೇಳುವ ಗೋಜಿಗೇ ಹೋಗಬೇಡಿ.